ಅಪರೂಪದ ಪದಗಳನ್ನು ಬರೆದಿಡೋದರಲ್ಲಿ ಅಂಥ ಖುಷಿ ಏನಿದೆ?

ನಿಮ್ಮ ಪ್ರಶ್ನೆ ಇದು: "ಕೆಲವರು ಅಲ್ಲಿ ಇಲ್ಲಿ ಕೇಳಿದ ಅಪರೂಪದ ಪದಗಳನ್ನೆಲ್ಲ ಬರೆದಿಟ್ಟುಕೊಳ್ಳುತ್ತಾರೆ. ನಿಘಂಟು ಇರುವಾಗ ಇದೆಲ್ಲ ಯಾಕೆ? ನಿಜವಾಗಿ ಇದರಲ್ಲಿ ಏನು ಸಿಗುತ್ತೆ?" ನಾನು ಹಾಗೆ ಬರೆದಿಡುವವರಲ್ಲಿ ಒಬ್ಬ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಸಮಯ ಇದ್ದಾಗ ಓದಿ.

ನಾನು ಸರ್ಕಾರಿ ಪಶುವೈದ್ಯ. ವರ್ಗಾವಣೆ ಆದ ಕಡೆಗೆಲ್ಲ ಹೋಗಿದ್ದೇನೆ. ಮೊದಲು ಧಾರವಾಡದ ಕಡೆ, ಆಮೇಲೆ ತೀರ್ಥಹಳ್ಳಿ ಕಡೆ, ಈಗ ಮೈಸೂರು ಜಿಲ್ಲೆ. ಕಾಲೇಜಿನಲ್ಲಿ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಹಸುವಿನ ಒಂದೊಂದು ಎಲುಬಿಗೂ ಲ್ಯಾಟಿನ್ ಹೆಸರು ಬಾಯಿಪಾಠ ಇತ್ತು. ಆದರೆ ಕೊಟ್ಟಿಗೆಗೆ ಕಾಲಿಟ್ಟರೆ ಅಲ್ಲಿ ನಡೆಯೋ ಮಾತೇ ಬೇರೆ, ಮತ್ತೆ ಅದು ಜಿಲ್ಲೆಗೊಂದು ಥರ. ಅಲ್ಲಿನ ಮಾತು ಗೊತ್ತಿಲ್ಲದೆ ಅಲ್ಲಿನ ದನಕ್ಕೆ ಔಷಧಿ ಕೊಡೋಕೆ ಆಗೋದಿಲ್ಲ. ಹಾಗೆ ಕೆಲಸಕ್ಕೆ ಅಂತ ಶುರುವಾದ ಅಭ್ಯಾಸ ಇದು. ಈಗ ಕೆಲಸ ಇಲ್ಲದ ಭಾನುವಾರವೂ ಬಿಡೋದಿಲ್ಲ.

ಒಂದೇ ಒಂದು ಪದ ಹಿಡಿದು ಹೇಳ್ತೀನಿ. ಬೆದೆ. ಹಸು ಗಬ್ಬ ಕಟ್ಟೋಕೆ ತಯಾರಾಗೋ ಸಮಯಕ್ಕೆ ಬೆದೆ ಅಂತಾರೆ ಅನ್ನೋದು ದನ ಕಟ್ಟಿದವರಿಗೆಲ್ಲ ಗೊತ್ತು. ಬೆಳಗಾದರೆ ನನಗೆ ಬರೋ ಫೋನಿನಲ್ಲಿ ಇದೇ ಜಾಸ್ತಿ: "ಹಸು ಬೆದೆಗೆ ಬಂದಿದೆ, ಬೇಗ ಬನ್ನಿ." ಹಿಂದಿನ ಒಂದು ಮುಂಗಾರಿನಲ್ಲಿ ಎಚ್.ಡಿ. ಕೋಟೆ ಕಡೆಯ ರೈತರೊಬ್ಬರಿಗೆ, ಹಸು ಹೊಡಕೊಂಡು ಆಸ್ಪತ್ರೆ ಹತ್ರ ಬನ್ನಿ, ನೋಡೋಣ ಅಂದೆ. ಅವರು ಹೇಳಿದ್ದು ಇಷ್ಟು: "ಇವತ್ತಾಗಕಿಲ್ಲ ಸಾ, ಹೊಲ ಬೆದೆಗೆ ಬಂದದೆ."

ಹೊಲ ಬೆದೆಗೆ ಬರೋದು! ಫೋನ್ ಇಟ್ಟ ಮೇಲೂ ಅದೇ ತಲೆಯಲ್ಲಿ ಸುತ್ತುತ್ತಾ ಇತ್ತು. ಸಂಜೆ ಅವರ ಹೊಲದ ಹತ್ತಿರಾನೇ ಹೋಗಿ ಕೇಳಿದೆ. ಅವರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅದುಮಿದರು. ಉಂಡೆ ಆಯಿತು. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರು, ಉದುರಿತು. "ಇಷ್ಟೇ" ಅಂದರು. ಮಳೆ ಬಿದ್ದ ತಕ್ಷಣ ಬಿತ್ತೋಕೆ ಹೋದರೆ ಕೂರಿಗೆಗೆ ಕೆಸರು ಮೆತ್ತಿಕೊಳ್ಳುತ್ತೆ. ಸುಮ್ನೆ ತಡ ಮಾಡಿದರೆ ಮೇಲ್ಮಣ್ಣು ಆರಿ ಬೀಜ ಹುಟ್ಟೋದಿಲ್ಲ. ನಡುವೆ ಒಂದೋ ಎರಡೋ ದಿನ, ಬಿಸಿಲು ಜೋರಿದ್ದರೆ ಇನ್ನೂ ಕಡಿಮೆ, ನೆಲ ಬೀಜ ಹಿಡಿಯೋಕೆ ಸರಿಯಾಗಿ ಇರುತ್ತೆ. ಅದು ಬೆದೆ.

ಈಗ ಹಸುವಿನ ಲೆಕ್ಕ ನೋಡಿ. ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತೆ. ಇರೋದು ಹೆಚ್ಚೂ ಕಡಿಮೆ 12ರಿಂದ 24 ಗಂಟೆ. ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ ಅಂತ ನಾವು ಹೇಳ್ತೀವಿ. ತಪ್ಪಿದರೆ ಮತ್ತೆ 3 ವಾರ ಕಾಯಬೇಕು, ಅಷ್ಟು ದಿನದ ಮೇವು ದಂಡ. ನೆಲಕ್ಕೂ ಹಸುವಿಗೂ ಕಷ್ಟ ಒಂದೇ: ಹೊತ್ತು ಕಮ್ಮಿ, ಗಮನ ಇಟ್ಟು ನೋಡದಿದ್ದರೆ ಕಾಣಲ್ಲ, ಕೈ ತಪ್ಪಿದರೆ ಕಾಯಬೇಕು. ಎರಡನ್ನೂ ದಿನಾ ನೋಡುತ್ತಿದ್ದ ಜನ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರೆ. ರಾತ್ರಿ ನಿಘಂಟು ತೆಗೆದೆ. ಬಿತ್ತನೆಗೆ ಹದವಾದ ನೆಲ ಅನ್ನೋದು, ದನದ ಬೆದೆ ಅನ್ನೋದು, ಎರಡೂ ಅಲ್ಲೇ ಒಟ್ಟಿಗೆ ಇವೆ. ತಮಿಳಿನಲ್ಲಿ ಬೀಜಕ್ಕೆ ವಿದೈ ಅಂತಾರಲ್ಲ, ಅದೂ ಇದೇ ಬಳಗದ್ದು. ಅವತ್ತು ರಾತ್ರಿ ನನಗೆ ಆದ ಸಂತೋಷವನ್ನ ಹೇಗೆ ಹೇಳಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಪದ ಅಪರೂಪದ್ದು ಅಂತ ಖುಷಿ ಅಲ್ಲ. ಬೆದೆ ಅನ್ನೋದು ಆ ರೈತರಿಗೆ ಅಪರೂಪವೇ ಅಲ್ಲ, ದಿನಬಳಕೆಯ ಮಾತು. ಯಾರೋ ಒಬ್ಬರು, ಹೆಸರೂ ಉಳಿಯದವರು, ಒಂದು ವಿಷಯವನ್ನು ಎಷ್ಟು ಹತ್ತಿರದಿಂದ ನೋಡಿದ್ದಾರೆ ಅನ್ನೋದು ಒಂದು ಪದದಲ್ಲಿ ಗೊತ್ತಾಗಿಬಿಡುತ್ತೆ. ಗೊತ್ತಾದ ಮೇಲೆ ನಾನೂ ಅದನ್ನು ಹಾಗೆಯೇ ನೋಡೋಕೆ ಶುರು ಮಾಡ್ತೀನಿ. ನಾನು ಈಗ ಮಳೆಯಾದ ಮೇಲೆ ಹೊಲದ ಬದಿ ಹೋದರೆ ಮಣ್ಣು ಹಿಡಿದು ನೋಡ್ತೀನಿ. ಮುಂಚೆ ನೋಡ್ತಿರಲಿಲ್ಲ.

ಇನ್ನೊಂದು ಪದ ಸೊರ. ಹಾಲು ಕರೆಯೋದನ್ನು ನೀವು ಹತ್ತಿರದಿಂದ ನೋಡಿಲ್ಲದಿದ್ದರೆ ಇದು ಗೊತ್ತಿರೋಕೆ ಸಾಧ್ಯವಿಲ್ಲ. ಹಸುವಿನ ಕೆಳಗೆ ಕೂತ ತಕ್ಷಣ ಹಾಲು ಬರಲ್ಲ. ಕರು ಬಿಡಬೇಕು, ಅದು ತಲೆಯಿಂದ ಕೆಚ್ಚಲಿಗೆ ಗುದ್ದಬೇಕು, ನಾಲ್ಕು ಗುಟುಕು ಚೀಪಬೇಕು. ಕರು ಇಲ್ಲದಿದ್ದರೆ ಬಿಸಿನೀರಲ್ಲಿ ಕೆಚ್ಚಲು ತೊಳೆದು ಮೆಲ್ಲಗೆ ನೀವಬೇಕು. ಆಗ ಒಂದು ನಿಮಿಷದ ಒಳಗೆ ಸಡಿಲವಾಗಿದ್ದ ಮೊಲೆ ಬಿಗಿಯಾಗುತ್ತೆ, ಕೈಗೆ ಗೊತ್ತಾಗುತ್ತೆ, ಕೆಲವು ಹಸುಗಳಿಗೆ ತಾನಾಗೇ ಹನಿ ತೊಟ್ಟಿಕ್ಕುತ್ತೆ. "ಈಗ ಸೊರ ಬಿಟ್ಟಳು" ಅಂತ ಅಜ್ಜಿ ತಂಬಿಗೆ ಮುಂದಕ್ಕೆ ತಗೊಳ್ತಾರೆ. ಧಾರವಾಡದ ಕಡೆ ಇದನ್ನೇ ತೊರಿ ಅಂತಾರೆ: "ಎಮ್ಮಿ ತೊರಿ ಬಿಡವಲ್ದು ನೋಡ್ರಿ, ಏನರ ಮಾಡ್ರಿ." ನಮ್ಮ ಪಾಠದಲ್ಲಿ ಇದು ಆಕ್ಸಿಟೋಸಿನ್ ಅನ್ನೋ ಹಾರ್ಮೋನಿನ ಕೆಲಸ. ಮಿದುಳಿನಿಂದ ರಕ್ತದಲ್ಲಿ ಬಂದು ಕೆಚ್ಚಲಿನ ಒಳಗಿನ ಪುಟ್ಟ ಚೀಲಗಳನ್ನು ಹಿಂಡುತ್ತೆ, ಕೆಲವೇ ನಿಮಿಷ ಇರುತ್ತೆ, ಹಸು ಹೆದರಿದರೆ ನಿಂತುಹೋಗುತ್ತೆ. ಅದಕ್ಕೇ ಹಾಲು ಕರೆಯೋ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಗಲಾಟೆ ಮಾಡಬೇಡಿ ಅಂತ ಹಳ್ಳಿಯಲ್ಲಿ ಮಕ್ಕಳಿಗೆ ಗದರೋದು. ಹಾರ್ಮೋನಿನ ಹೆಸರು ಅಜ್ಜಿಗೆ ಬೇಕಾಗಿಲ್ಲ. ಅದು ಯಾವಾಗ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ಏನು ಮಾಡಿದರೆ ಹೋಗುತ್ತೆ ಅನ್ನೋದೆಲ್ಲ ಅವರಿಗೆ ಗೊತ್ತು, ಅದಕ್ಕೆ ಎರಡಕ್ಷರದ ಹೆಸರೂ ಇದೆ.

ಒಮ್ಮೊಮ್ಮೆ ಪದ ಗೊತ್ತಿದ್ದರೆ ಜೀವಕ್ಕೂ ಒಳ್ಳೆಯದು. ಹಸು ಕರು ಹಾಕಿತು ಅಂದರೆ ಈದಿದೆ, ಎಲ್ಲ ಸರಿಯಿದೆ ಅಂತ. ಕಂದು ಹಾಕಿತು ಅಂದರೆ ತಿಂಗಳು ತುಂಬುವ ಮೊದಲೇ ಗರ್ಭ ಹೋಗಿದೆ ಅಂತ. ಫೋನಿನಲ್ಲಿ ಎರಡೂ ಹೆಚ್ಚೂ ಕಡಿಮೆ ಒಂದೇ ಥರ ಕೇಳುತ್ತೆ. ಆದರೆ ಬ್ರುಸೆಲ್ಲೋಸಿಸ್ ಅನ್ನೋ ಕಾಯಿಲೆಗೆ ಕನ್ನಡದಲ್ಲಿ ಹೆಸರೇ ಕಂದು ಹಾಕುವ ರೋಗ, ಅದು ಮನುಷ್ಯರಿಗೂ ಅಂಟುತ್ತೆ. ಕಂದು ಅನ್ನೋದು ಕಿವಿಗೆ ಬಿದ್ದರೆ ನಾನು ಮೊದಲು ಹೇಳೋದು, ಬರಿಗೈಯಲ್ಲಿ ಏನನ್ನೂ ಮುಟ್ಟಬೇಡಿ ಅಂತ. ಹಾಗೇ, ಕರು ಹಾಕಿದ ಮೇಲೆ ಬೀಳಬೇಕಾದ ಪೊರೆಗೆ ಒಂದು ಕಡೆ ಕಸ, ಇನ್ನೊಂದು ಕಡೆ ಮಾಸು, ಮೈಸೂರು ಮಂಡ್ಯದ ಕಡೆ ಸತ್ತೆ. "ಕಸ ಬಿದ್ದಿಲ್ಲ" ಅಂದರೆ ಹೊರಡೋಕೆ ಚೀಲ ತಗೋಬೇಕು ಅಂತ ಅರ್ಥ. ಇನ್ನೂ ಕರು ಹಾಕದ ಎಳೆಯ ಹಸುವಿಗೂ ಹೀಗೇ, ಕಡಸು ಅಂತಾರೆ, ಮಣಕ ಅಂತಾರೆ, ಪಡ್ಡೆ ಅಂತಾರೆ. ತಮಿಳರ ಕಿಡಾರಿಯೂ ನಮ್ಮ ಕಡಸಿನ ನೆಂಟ.

ಒಂದು ಮಾತು ಇಲ್ಲಿ ಹೇಳಲೇಬೇಕು. ಅಪರೂಪದ ಪದ ಅಂದ ತಕ್ಷಣ ಕೆಲವರು ಉದ್ದುದ್ದ ಸಂಸ್ಕೃತ ಸಮಾಸಗಳನ್ನು ಹುಡುಕಿ ಪಟ್ಟಿ ಮಾಡ್ತಾರೆ, ಸಭೆಯಲ್ಲಿ ಹೇಳಿದರೆ ಜನ ಬೆರಗಾಗಲಿ ಅಂತ. ಅದು ಅವರಿಷ್ಟ. ನನಗೆ ಅದರಲ್ಲಿ ರುಚಿ ಇಲ್ಲ. ಕೇಳಿದವರಿಗೆ ಅರ್ಥ ಆಗದಿರಲಿ ಅಂತ ಬಳಸೋ ಪದಕ್ಕಿಂತ, ಕೆಲಸ ಬೇಗ ಆಗಲಿ ಅಂತ ಹುಟ್ಟಿದ ಪದ ನನಗೆ ಹೆಚ್ಚು.

ತೀರ್ಥಹಳ್ಳಿಯಲ್ಲಿದ್ದಾಗ ಬೈಕ್ ನಿಲ್ಲಿಸಿ ಗದ್ದೆ ತೋಟ ದಾಟಿ ಮನೆಗಳಿಗೆ ಹೋಗಬೇಕಿತ್ತು. ಅಲ್ಲಿ ಬೇಲಿ ದಾಟೋದಕ್ಕೇ ಎಷ್ಟು ಮಾತು! ಎರಡು ಕಂಬಕ್ಕೆ ತೂತು ಕೊರೆದು ಗಳ ಅಡ್ಡ ತೂರಿಸಿದ್ದಕ್ಕೆ ಉಣುಗೋಲು, ಗಳ ಸರಿಸಿ ಒಳಗೆ ಹೋಗಿ ಮತ್ತೆ ಸರಿಸಿಡಬೇಕು. ಮನುಷ್ಯರು ಹತ್ತಿ ಇಳಿಯಬಹುದು, ದನ ಮಾತ್ರ ದಾಟಬಾರದು ಅಂತ ಮಾಡಿದ್ದಕ್ಕೆ ತಡಮೆ. ಬೇಲಿಯಲ್ಲಿ ದಾಟೋ ಜಾಗಕ್ಕೆ ದಣಪೆ ಅನ್ನೋದೂ ಇದೆ. ಹಳ್ಳದ ಮೇಲೆ ಅಡಿಕೆ ಮರ ಹಾಸಿದ್ದರೆ ಸಂಕ. ದಾರಿ ಕೇಳಿದರೆ "ಉಣುಗೋಲು ದಾಟಿ ಸಂಕದ ಹತ್ರ ಬನ್ನಿ, ಅಲ್ಲಿಂದ ಕೂಗಿ" ಅಂತಾರೆ. ಮಳೆಗಾಲದಲ್ಲಿ ಪೂರ್ತಿ ಮಾತು ಹೊಳವಿನ ಮೇಲೆ. ಹೊಳವು ಅಂದರೆ ಎಡೆಬಿಡದ ಮಳೆ ನಡುವೆ ಸ್ವಲ್ಪ ಹೊತ್ತು ಬಿಡುವು ಕೊಟ್ಟು ಆಕಾಶ ತಿಳಿಯಾಗೋದು. ಹೊಳವಾದಾಗ ಹೊರಡೋಣ ಅನ್ನೋದು ಅಲ್ಲಿ ಗಡಿಯಾರದ ಸಮಯ ಹೇಳಿದಷ್ಟೇ ಗಟ್ಟಿ ಮಾತು.

ನಿಘಂಟು ಇರುವಾಗ ಯಾಕೆ ಅಂದಿರಿ. ನಿಘಂಟು ನನಗೂ ಬೇಕು, ದಿನಾ ಬೇಕು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ, ಸುಮಾರು 70,000 ಪದಗಳು. ಅದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಅಂದರೆ ಕೆಲವು ಪದಗಳ ಪಕ್ಕ ಅದು ಮೈಸೂರಿನ ಕಡೆಯ ಮಾತೋ, ಆಗ ದಕ್ಷಿಣ ಮರಾಠಾ ಸೀಮೆ ಅನ್ನುತ್ತಿದ್ದ ಧಾರವಾಡ ಬೆಳಗಾವಿ ಕಡೆಯ ಮಾತೋ ಅಂತ ಗುರುತು ಹಾಕಿರೋದು. ಜರ್ಮನಿಯಿಂದ ಬಂದ ಒಬ್ಬ ಪಾದ್ರಿ ನೂರಾ ಮೂವತ್ತು ವರ್ಷದ ಹಿಂದೆ ಇಷ್ಟು ಎಚ್ಚರ ವಹಿಸಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟ, ಕೊನೆಯದು ಬಂದಿದ್ದು 1995ರಲ್ಲಿ. ಅದರ ಹಿಂದೆ ದುಡಿದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿ 2021ರಲ್ಲಿ ತೀರಿಕೊಂಡರು, ನೂರು ದಾಟಿದ ಮೇಲೂ ಪದಗಳ ಬಗ್ಗೆಯೇ ಮಾತಾಡುತ್ತಿದ್ದರು. ಇನ್ನು ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಮಾಡಿದ ಅಲರ್ ಅನ್ನೋ ನಿಘಂಟು 2019ರಿಂದ ಆನ್‌ಲೈನಿನಲ್ಲಿ ಉಚಿತವಾಗಿದೆ, ಒಂದೂವರೆ ಲಕ್ಷ ಪದ, ಮೊಬೈಲಿನಲ್ಲೇ ನೋಡಬಹುದು. ಕೊಟ್ಟಿಗೆಯಲ್ಲಿ ನಿಂತೇ ನಾನು ಅದನ್ನು ತೆಗೆದು ನೋಡಿದ್ದಿದೆ.

ಆದರೆ ನಿಘಂಟಿನಲ್ಲಿ ಹುಡುಕಬೇಕು ಅಂದರೆ ಪದ ಮೊದಲು ನಿಮ್ಮ ಕಿವಿಗೆ ಬಿದ್ದಿರಬೇಕಲ್ವಾ? ಆ ಪರಿಷತ್ತಿನ ನಿಘಂಟಿನಂಥವು ಹೆಚ್ಚಾಗಿ ಶಾಸನ, ಕಾವ್ಯ, ಹಳೆಯ ಗ್ರಂಥಗಳಿಂದ ಪದ ಆರಿಸಿಕೊಂಡವು. ಕವಿ ಕಂಡಿದ್ದು ಅಲ್ಲಿದೆ. ಹಾಲು ಕರೆಯೋ ಅಜ್ಜಿ ಏನು ಹೇಳ್ತಾರೆ, ಯಾವ ದನಿಯಲ್ಲಿ ಹೇಳ್ತಾರೆ, ಹೇಳುವಾಗ ಕೈ ಎಲ್ಲಿರುತ್ತೆ ಅನ್ನೋದು ಅಲ್ಲಿ ಪೂರ್ತಿ ಸಿಗೋದು ಕಷ್ಟ.

ನೀವೂ ಶುರು ಮಾಡೋದಾದರೆ ಎರಡು ಮಾತು. ಪೆನ್ನು ಹಿಡಿದು ಎದುರಿಗೆ ಕೂತು "ಇದಕ್ಕೆ ನಿಮ್ಮಲ್ಲಿ ಏನಂತಾರೆ?" ಅಂತ ನೇರವಾಗಿ ಕೇಳಬೇಡಿ. ಓದಿದವರು ಬಂದಿದ್ದಾರೆ ಅಂತ ಜನ ತಮ್ಮ ಮಾತು ಬಿಟ್ಟು ಪುಸ್ತಕದ ಪದವೋ ಇಂಗ್ಲಿಷ್ ಪದವೋ ಹೇಳಿಬಿಡ್ತಾರೆ. ಅವರ ಪಾಡಿಗೆ ಅವರು ಕೆಲಸ ಮಾಡೋದನ್ನು ನೋಡ್ತಾ ಪಕ್ಕದಲ್ಲಿರಿ. ಇಲ್ಲದಿದ್ದರೆ ಬೇರೆ ಊರಿನ ಮಾತನ್ನು ಎತ್ತಿ: "ಧಾರವಾಡದ ಕಡೆ ಇದಕ್ಕೆ ತೊರಿ ಅಂತಾರೆ." ತಕ್ಷಣ "ಅಯ್ಯೋ, ನಾವು ಹಂಗನ್ನಲ್ಲ" ಅಂತ ತಮ್ಮದು ಹೇಳ್ತಾರೆ, ಅದರ ಜೊತೆ ಇನ್ನೂ ನಾಲ್ಕು ಹೇಳ್ತಾರೆ. ಆಮೇಲೆ, ಬರೀ ಪದ ಬರೆಯಬೇಡಿ. ಅವರು ಹೇಳಿದ ಪೂರ್ತಿ ವಾಕ್ಯ, ಊರು, ತಾಲ್ಲೂಕು, ಹೇಳಿದವರು ಏನು ಕೆಲಸ ಮಾಡ್ತಾರೆ, ಇಷ್ಟನ್ನಾದರೂ ಬರೀರಿ. ನನ್ನ ಹಳೆಯ ಪುಸ್ತಕದಲ್ಲಿ ವಾಕ್ಯ ಸಮೇತ ಇರೋ ಪದಗಳನ್ನು ಓದಿದರೆ ಆ ಮನೆ, ಆ ಜಗಲಿ ಎಲ್ಲ ನೆನಪಾಗುತ್ತೆ.

ಇದಕ್ಕೆ ಹಳ್ಳಿಗೇ ಹೋಗಬೇಕು ಅಂತೇನಿಲ್ಲ. ಬೆಂಗಳೂರಿನ ಫ್ಲ್ಯಾಟಿನ ಅಡುಗೆಮನೆ ಸಾಕು. ಬರೀ ವಾಸನೆಗೆ ಎಷ್ಟು ಪದ ಇದೆ ಅಂತ ಎಣಿಸೋಕೆ ಹೋಗಿ. ಹಳೇ ಎಣ್ಣೆಯದ್ದೋ ಬಹಳ ದಿನ ಇಟ್ಟ ಕೊಬ್ಬರಿಯದ್ದೋ ಕಮಟು. ಮಳೆಗಾಲದಲ್ಲಿ ಡಬ್ಬದಲ್ಲಿ ಮುಚ್ಚಿಟ್ಟ ಹಿಟ್ಟಿನದು ಮುಗ್ಗಲು. ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದಾಗ ಪಕ್ಕದ ಮನೆಯವರೂ ಕೆಮ್ಮೋದು ಘಾಟು. ಚಳಿಗಾಲದಲ್ಲಿ ಅವರೆಕಾಯಿ ಬಿಡಿಸಿದ ಮೇಲೆ ಸೋಪು ಹಾಕಿ ತೊಳೆದರೂ ಕೈಯಲ್ಲಿ ಉಳಿಯೋದು ಸೊಗಡು. ಭಾಷೆಯ ಸೊಗಡು, ನೆಲದ ಸೊಗಡು ಅಂತ ಬರೆಯುವವರು ಒಂದು ಸಲ ಸೊಗಡಿನ ಅವರೆಕಾಯಿ ಮೂಸಿ ನೋಡಿ ಬರೆದರೆ ಒಳ್ಳೆಯದು, ಅದೆಷ್ಟು ಗಾಢವಾದ ಪದ ಅಂತ ಆಗ ತಿಳಿಯುತ್ತೆ. ಹೂವಿನವರ ಹತ್ರ ಮೊಳ, ಮಾರು. ಮನೆ ಕಟ್ಟುವಲ್ಲಿ ಕರಣೆ, ತೂಗುಗುಂಡು. ಟೈಲರ್ ಅಂಗಡಿಯಲ್ಲಿ ಕಾಜಾ. ಹೆಬ್ಬೆರಳಿಂದ ತೋರುಬೆರಳಿಗೆ ಚೋಟು, ಹೆಬ್ಬೆರಳಿಂದ ಕಿರುಬೆರಳಿಗೆ ಗೇಣು, ಈ ಅಳತೆ ಮಕ್ಕಳಿಗೆ ಹೇಳಿಕೊಟ್ಟು ನೋಡಿ, ಸಂಜೆಯೊಳಗೆ ಮನೆಯಲ್ಲಿರೋದನ್ನೆಲ್ಲ ಅಳೆದು ಮುಗಿಸ್ತಾರೆ.

ಹಳೇ ಪದ ಹೋಗ್ತಿವೆ ಅಂತ ಬೇಜಾರು ಆಗೋದು ನಿಜ. ಊರಲ್ಲಿ ಹಗೇವು ಮುಚ್ಚಿದ ಮೇಲೆ ಆ ಪದ ಯಾರು ಹೇಳ್ತಾರೆ? ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿಡೋ ಪದ್ಧತಿಯೇ ಹೋಗಿದೆ. ಆದರೆ ಹೊಸದನ್ನು ಹೆಸರಿಸೋದನ್ನು ಜನ ಯಾವತ್ತೂ ನಿಲ್ಲಿಸಿಲ್ಲ, ಅದನ್ನೂ ಬರೆದಿಟ್ಟುಕೊಳ್ಳಬೇಕು. ಸೀಮೆ ಅನ್ನೋದನ್ನೇ ನೋಡಿ. ಹೊರದೇಶದಿಂದ ಬಂದ ಯಾವುದೇ ವಸ್ತುವಿನ ಹೆಸರಿನ ಮೊದಲಿಗೆ ಅದನ್ನು ಇಟ್ಟುಬಿಟ್ಟರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಗೊಬ್ಬರ, ಸೀಮೆಬದನೆ, ಸೀಮೆಹುಣಸೆ. ಕೊನೆಯ ಎರಡರ ಮೂಲ ಮೆಕ್ಸಿಕೋ ಸುತ್ತಮುತ್ತ. ಅಷ್ಟು ದೂರದ ಕಾಯಿ ಬಂದು ಇಲ್ಲಿನ ಬದನೆ, ಹುಣಸೆಯ ಸಾಲಿನಲ್ಲಿ ಕೂತಿದೆ. ಜರ್ಸಿ, ಎಚ್‌ಎಫ್ ಅನ್ನೋ ಹೊರದೇಶದ ಹಸು ತಳಿಗಳು ಬಂದಾಗ ಅವೂ ಸೀಮೆಹಸು ಆದವು, ಕೋಲಾರದ ಕಡೆ ಇಲಾತಿ ಹಸು. ಗರ್ಭಧಾರಣೆಗೆ ನಾವು ಬಳಸೋ ವೀರ್ಯದ ನಳಿಕೆಗೆ ನಮ್ಮ ಇಲಾಖೆ ಕಾಗದದಲ್ಲಿ ದೊಡ್ಡ ಹೆಸರಿದೆ. ರೈತರಿಗೆ ಅದು ಕಡ್ಡಿ. "ಯಾವ ಕಡ್ಡಿ ಹಾಕ್ಸಿದ್ರಿ?" ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ತಾರೆ, ಇಬ್ಬರಿಗೂ ಅರ್ಥ ಆಗುತ್ತೆ. ಎಮ್ಮೆಗಳು ಬೇಸಿಗೆಯಲ್ಲಿ ಕೂಗದೆ, ಏನೂ ತೋರಿಸದೆ ಬೆದೆಗೆ ಬಂದು ಹೋಗ್ತವೆ, ಅದಕ್ಕೆ ಮೂಕ ಬೆದೆ ಅಂತಾರೆ. ಯಾವ ಸಮಿತಿ ಕೂತರೂ ಇದಕ್ಕಿಂತ ಒಳ್ಳೇ ಪದ ಮಾಡೋದು ಕಷ್ಟ ಅಂತ ನನ್ನ ಅಭಿಪ್ರಾಯ.

ಕೊನೆಗೆ ನಿಮ್ಮಿಂದ ಮತ್ತು ಇದನ್ನು ಓದ್ತಿರೋ ಎಲ್ಲರಿಂದ ಒಂದು ಬೇಕು. ಹಿಂದೆ ಕರು ಸತ್ತರೆ ಹಸು ಹಾಲು ಬಿಡಲಿ ಅಂತ ಆ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ ಹೊಲಿದು ತಾಯಿಯ ಮುಂದೆ ನಿಲ್ಲಿಸುತ್ತಿದ್ದರು, ಅದು ನೆಕ್ಕುತ್ತಾ ಸೊರ ಬಿಡುತ್ತಿತ್ತು. ಆ ಹುಲ್ಲು ತುಂಬಿದ ಕರುವಿಗೆ ನಿಮ್ಮ ಊರಿನ ಕಡೆ ಏನಂತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ಅವರು ಹೇಳಿದ ವಾಕ್ಯ ಹಾಗೇ ಬರೆದು ಕೆಳಗೆ ಹಾಕಿ. ಊರಿನ ಹೆಸರು, ತಾಲ್ಲೂಕು ಸೇರಿಸೋದು ಮರೀಬೇಡಿ.